ನನ್ನ ಅನುಭವ: ರಾತ್ರಿ ಪಾಳಿಯ ನೀರು ಮತ್ತು ಥಂಡಿ

ಬೋರಿನ ಪಂಪು ಓಡಿಸೋಕೆ ಬೇಕಾದ ತ್ರೀ ಫೇಸ್ ಕರೆಂಟ್ ನಮ್ಮ ಕಡೆ ರಾತ್ರಿ ಹೊತ್ತಲ್ಲೇ ಬರುತ್ತದೆ, ಹೊಲಕ್ಕೆ ನೀರು ಬಿಡೋದೂ ಆಗಲೇ. ವಿಜಯಪುರದ ಡಿಸೆಂಬರ್, ರಾತ್ರಿ ಎರಡೂವರೆ, ಗೋಧಿ ಮಡಿಯಲ್ಲಿ ಪಾದ ಮುಳುಗುವಷ್ಟು ನೀರು. ಬೋರಿನ ನೀರು ಪೈಪಿನಿಂದ ಬೀಳುವಾಗ ಬೆಚ್ಚಗೇ ಇರುತ್ತದೆ. ನಾಲ್ಕು ಮಡಿ ದಾಟುವಷ್ಟರಲ್ಲಿ ಕಚ್ಚೋಕೆ ಶುರು ಮಾಡುತ್ತದೆ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯ್ತು ಹೇಳ್ತೀನಿ. ಜರ್ಕಿನ್ 1,800 ಇರಬೇಕು. ಇಬ್ಬನಿಗೆ ತೊಯ್ದರೆ ಅದೇ ಭಾರ. ಗಮ್‌ಬೂಟು 450. ಕೆಸರಲ್ಲಿ ಕಾಲು ಬರುತ್ತದೆ, ಬೂಟು ಬರಲ್ಲ. ಬ್ಯಾಟರಿಯಿಂದ ಬಿಸಿಯಾಗುವ ಅಂಗಿ ಅಂತ ಆನ್‌ಲೈನಲ್ಲಿ 2,600 ಕೊಟ್ಟು ತರಿಸಿದೆ. ಎರಡು ರಾತ್ರಿ ರಾಜನಂತಿದ್ದೆ. ಮೂರನೇ ರಾತ್ರಿ ಒಂದೇ ತಾಸಿಗೆ ಚಾರ್ಜ್ ಖಾಲಿ. ವಾಪಸ್ ಕಳಿಸುವ ದಿನವೂ ಮೀರಿತ್ತು. ಕ್ವಾರ್ಟರ್ ಪ್ರಯೋಗವೂ ಆಯ್ತು. ಅರ್ಧ ತಾಸು ಮೈ ಬಿಸಿ, ಆಮೇಲೆ ಮೊದಲಿಗಿಂತ ಜಾಸ್ತಿ ನಡುಕ. ಹೆಂಡ ರಕ್ತವನ್ನು ಚರ್ಮಕ್ಕೆ ತಂದು ಒಳಗಿನ ಕಾವನ್ನು ಹೊರಗೆ ಚೆಲ್ಲುತ್ತದೆ, ಅಷ್ಟೇ. ಒಟ್ಟು ಐದಾರು ಸಾವಿರ ನೀರಲ್ಲಿ ಹೋಯ್ತು.

ಒಂದು ವಿಷಯ ಮಾತ್ರ ತಲೆಯಲ್ಲಿ ಉಳಿದಿತ್ತು. ಬೆಳಿಗ್ಗೆ ಎದ್ದರೆ ಕಾಲಿಗಿಂತ ದವಡೆ, ಕುತ್ತಿಗೆ ಜಾಸ್ತಿ ನೋಯುತ್ತಿದ್ದವು. ಸಲಿಕೆ ಹಿಡಿದದ್ದು ಕೈ, ನೋವು ದವಡೆಗೆ ಯಾಕೆ? ರಾತ್ರಿಯಿಡೀ ಹಲ್ಲು ಕಚ್ಚಿ, ಹೆಗಲು ಕಿವಿಗೆ ಏರಿಸಿಕೊಂಡೇ ನಿಂತಿರುತ್ತಿದ್ದೆ.

ತಾಲೂಕಿನ ಯೋಗ ಶಿಬಿರದಲ್ಲಿ ಯೋಗನಿದ್ರೆ ಹೇಳಿಕೊಟ್ಟಿದ್ದರು. ಮಲಗಿ ಥಂಡಿ ನೆನೆಸಿಕೊಳ್ಳಿ, ಆಮೇಲೆ ಬಿಸಿ ನೆನೆಸಿಕೊಳ್ಳಿ ಅಂತ. ಐದೂ ದಿನ ನಾನು ಗೊರಕೆ ಹೊಡೆದೆ. ಆದರೂ ಅದನ್ನೇ ಹೊಲಕ್ಕೆ ಒಯ್ದೆ. ಮೊದಲ ಸಲ ಮಾಡಿದ್ದು ಪೂರ್ತಿ ತಪ್ಪು. "ಥಂಡಿ ಇಲ್ಲ, ಥಂಡಿ ಇಲ್ಲ" ಅಂತ ಜಪ ಮಾಡುತ್ತಾ ಎರಡು ತಾಸು ನೀರಲ್ಲೇ ನಿಂತೆ. ಕೊನೆಗೆ ಪೈಪಿನ ಹಗ್ಗದ ಗಂಟು ಬಿಚ್ಚೋಕೂ ಬೆರಳು ಕೇಳಲಿಲ್ಲ. ಸಲಿಕೆ ಕಾಲುವೆಗೆ ಬಿತ್ತು. ಮನೆಯಲ್ಲಿ ಹೇಳಿದರೆ ನಮ್ಮಾಕಿ, "ಥಂಡಿಗೆ ಕಿವಿ ಎಲ್ಲೈತ್ರಿ, ನೀವು ಹೇಳಿದ್ದು ಕೇಳಾಕ?" ಅಂದಳು.

ಸರಿ, ಥಂಡಿಗೆ ಹೇಳೋದು ಬಿಟ್ಟೆ. ಮೈಗೆ ಹೇಳೋಕೆ ಶುರು ಮಾಡಿದೆ.

ದಸರೆ ಮುಗಿದ ಮೇಲೆ, ಇನ್ನೂ ಚಳಿ ಇಲ್ಲದಾಗಲೇ, ಮನೆಯಲ್ಲೇ ಕಂಬಳಿ ಹೊದ್ದು ದಿನಾ ಹತ್ತು ನಿಮಿಷ. ದವಡೆ, ಹೆಗಲು, ಹೊಟ್ಟೆ, ಅಂಗೈ, ಇದೇ ಕ್ರಮದಲ್ಲಿ ಸಡಿಲ ಬಿಡೋದು. ನಾಲ್ಕು ಎಣಿಸಿ ಉಸಿರು ಒಳಗೆ, ಎಂಟು ಎಣಿಸಿ ಹೊರಗೆ. ಮನಸ್ಸಲ್ಲಿ "ಕೈ ಭಾರ, ಕೈ ಬಿಸಿ". ಇದು ನನ್ನ ಮಾತಲ್ಲ. ಜರ್ಮನಿಯ ಷುಲ್ಟ್ಸ್ ಅನ್ನೋ ಡಾಕ್ಟರು 1932ರಲ್ಲೇ ಇದನ್ನು ಪುಸ್ತಕ ಮಾಡಿದ್ದರಂತೆ, ಅಣ್ಣನ ಮಗ ಹುಡುಕಿ ಹೇಳಿದ. ಆ ಡಾಕ್ಟರ ಹತ್ತಿರ ರೊಟ್ಟಿ ಹಂಚು ಇರಲಿಲ್ಲ, ನನ್ನ ಹತ್ತಿರ ಇದೆ. ಅವ್ವ ರೊಟ್ಟಿ ಬಡಿಯುವಾಗ ಒಲೆ ಮುಂದೆ ಅಂಗೈ ಚಾಚಿ ಕೂತದ್ದನ್ನೇ ನೆನೆಸಿಕೊಳ್ಳುತ್ತೇನೆ.

ಕೆಲಸ ಮಾಡ್ತಿದೆಯಾ ಅಂತ ನೋಡೋದು ಹೇಗೆ? ಜ್ವರ ನೋಡುವ ಥರ್ಮಾಮೀಟರನ್ನು ಮುಷ್ಟಿಯಲ್ಲಿ ಹಿಡಿದೆ. ನನ್ನದು 32 ಡಿಗ್ರಿಗಿಂತ ಕೆಳಗೆ ಹೋದರೆ ಬರೀ "ಲೋ" ಅಂತ ತೋರಿಸುತ್ತದೆ. ಎರಡು ವಾರ ಲೋ, ಲೋ. ಮೂರನೇ ವಾರ ಒಂದು ಬೆಳಗಿನ ಜಾವ 33 ಚಿಲ್ಲರೆ ತೋರಿಸಿತು! ಎದ್ದು ಎಲ್ಲರನ್ನೂ ಎಬ್ಬಿಸಿದೆ. ಬೈಸಿಕೊಂಡೆ.

ಹೊಲದಲ್ಲಿ ಮಾಡೋದು ಇಷ್ಟೇ. ನಡುಕ ಶುರುವಾದ ಮೇಲೆ ಅಲ್ಲ, ನೀರಿಗೆ ಇಳಿಯುವ ಮುಂಚೆ ಬದುವಿನ ಮೇಲೆ ನಿಂತು ಮೂರು ಉದ್ದ ಉಸಿರು. ಉಸಿರು ಬಿಡುತ್ತಲೇ ಕಾಲು ಇಡಬೇಕು. "ಬಂದೈತಿ, ಬರಲಿ" ಅಂದುಕೊಳ್ಳಬೇಕು. ಮೊದಲ ಎರಡು ನಿಮಿಷ ಮೈ ಮುದುಡೋಕೆ ನೋಡುತ್ತದೆ. ಆಗ ಹೆಗಲು ಇಳಿಸಿದರೆ ಗೆದ್ದ ಹಾಗೆ. ಆಮೇಲೆ ಪ್ರತಿ ಮಡಿ ತಿರುವಿದಾಗಲೂ ಒಮ್ಮೆ ಹೆಗಲು ನೋಡಿಕೊಳ್ಳುತ್ತೇನೆ. ಎಡಗೈಯಿಂದ ಮಾಡುವ ಇನ್ನೊಂದು ಸಣ್ಣ ಉಪಾಯ ಇದೆ. ಅದನ್ನು ಬರೆಯೋದಿಲ್ಲ, ಹೊಲಕ್ಕೆ ಬಂದವರಿಗೆ ತೋರಿಸ್ತೀನಿ.

ಮುಂಚೆ ಕಾಲು ತಾಸಿಗೊಮ್ಮೆ ಬೆಂಕಿ ಹತ್ತಿರ ಓಡುತ್ತಿದ್ದೆ. ಹೋದ ವರ್ಷ ಮುಕ್ಕಾಲು ತಾಸು ಸರಾಗ. ಮೂರು ರಾತ್ರಿ ಹಿಡಿಯುತ್ತಿದ್ದ ಒಂದೂವರೆ ಎಕರೆ ಎರಡೇ ರಾತ್ರಿಗೆ ಮುಗಿಯಿತು. ಪ್ರತಿ ನೀರಿಗೆ ಒಬ್ಬ ಆಳಿನ ಕೂಲಿ, ಸುಮಾರು 500 ರೂಪಾಯಿ ಉಳಿಯಿತು. ಎಳ್ಳಮಾವಾಸ್ಯೆ ದಿನ ಹೊಲಕ್ಕೆ ಚರಗ (ಭೂಮಿತಾಯಿಗೆ ಎಡೆ) ಚೆಲ್ಲೋಕೆ ಬರೀ ಅಂಗಿ, ಪಂಚೆಯಲ್ಲಿ ಹೋದೆ. ಅದು ಸುಮ್ನೆ ಶೋಕಿಗೆ, ಒಪ್ಪಿಕೊಳ್ತೀನಿ.

ನಡುವೆ ಒಂದು ಹುಚ್ಚು ಪ್ರಯೋಗವೂ ನಡೆಯಿತು. ಟಿಬೆಟಿನ ಸನ್ಯಾಸಿಗಳು ಧ್ಯಾನದಿಂದಲೇ ಬೆರಳಿನ ಕಾವು ಎಂಟು ಡಿಗ್ರಿವರೆಗೂ ಏರಿಸಿದ್ದನ್ನು ವಿಜ್ಞಾನಿಗಳು ಅಳೆದು 1982ರಲ್ಲಿ ಬರೆದಿದ್ದಾರೆ. ನಾನೇನು ಕಡಿಮೆ ಅಂತ ವಿಡಿಯೋ ನೋಡಿ, ಬಾವಿ ದಂಡೆಯಲ್ಲಿ ಕೂತು ಜೋರಾಗಿ ಉಸಿರಾಡಿದೆ. ಕಣ್ಣು ಕತ್ತಲೆ ಬಂತು. ಆ ಕಡೆ ವಾಲಿದ್ದರೆ ಇದನ್ನು ಬರೆಯೋಕೆ ಇರುತ್ತಿರಲಿಲ್ಲ. ನೀರಿನ ಹತ್ತಿರ ಅದನ್ನು ಯಾರೂ ಮಾಡಬೇಡಿ.

ಕಂಬಳಿ, ಪ್ಲಾಸ್ಟಿಕ್ ಚೀಲದಲ್ಲಿ ಒಣ ಸಾಕ್ಸು ಈಗಲೂ ಒಯ್ಯುತ್ತೇನೆ. ಬೆರಳು ಮಾತು ಕೇಳದಿದ್ದರೆ, ನಾಲಿಗೆ ತೊದಲಿದರೆ ಸ್ಟಾರ್ಟರ್ ಬಂದ್ ಮಾಡಿ ಸೀದಾ ಮನೆಗೆ. ಥಂಡಿಯಲ್ಲೇ ಇದ್ದು ನಡುಕ ತಾನಾಗಿ ನಿಂತರೆ ಅದು ಧೈರ್ಯ ಅಲ್ಲ, ಅಪಾಯ.

"ಹೊಲದಾಗ ಸನ್ಯಾಸಿ ಆಗ್ಯಾನ" ಅಂತ ನಗುತ್ತಿದ್ದ ಪಕ್ಕದ ಹೊಲದ ಕಾಕಾ ಹೋದ ತಿಂಗಳು ತಾವೇ ಬಂದು ಥರ್ಮಾಮೀಟರ್ ಕೇಳಿ ಒಯ್ದರು. ಅವರದು ಇನ್ನೂ ಲೋ ಅಂತಲೇ ತೋರಿಸ್ತಿದೆಯಂತೆ. ಎರಡನೇ ವಾರ ತಾನೇ ಕಾಕಾ, ತಡೀರಿ ಅಂದಿದ್ದೇನೆ.