ದಪ್ಪ ಗೋಡೆಯ ಮನೆಗೆ ವೈ-ಫೈ ರೂಟರ್ ಆರಿಸುವ ಬಗೆ

ರಾಯಚೂರಿನ ಹಳೆಯ ಓಣಿಯಲ್ಲಿರುವ ನಮ್ಮ ಮಾಳಿಗೆ ಮನೆಯ ಗೋಡೆಗಳು ಕಲ್ಲು ಮಣ್ಣಿನವು, ಎರಡಡಿ ದಪ್ಪ. ಬೇಸಿಗೆಯಲ್ಲಿ ತಂಪು ಕೊಡುವ ಈ ಗೋಡೆಗಳೇ ವೈ-ಫೈ ಸಿಗ್ನಲ್ಲನ್ನು ತಡೆಯುತ್ತವೆ. ಪಡಸಾಲೆಯಲ್ಲಿ 90 ಎಂಬಿಪಿಎಸ್ ವೇಗ ತೋರಿಸುವ ಮೊಬೈಲು ಅಡುಗೆಮನೆಯ ಹೊಸ್ತಿಲು ದಾಟಿದರೆ ವೀಡಿಯೊ ಕರೆಯನ್ನೂ ನಡೆಸಲಾರದು. ಬಳ್ಳಾರಿ, ಕೊಪ್ಪಳಗಳಲ್ಲಿಯೂ ಇಂಥ ಮನೆಗಳಿರುವುದರಿಂದ, ರೂಟರ್ ಕೊಳ್ಳುವವರು ಪೆಟ್ಟಿಗೆಯ ಮೇಲಿನ ಅಂಕಿಗಳಿಗಿಂತ ಮೊದಲು ತಮ್ಮ ಗೋಡೆಗಳನ್ನು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿರಿ. ಈಗಿರುವ ರೂಟರಿನ ಪಕ್ಕದಲ್ಲಿ ನಿಂತು ಒಮ್ಮೆ, ದೂರದ ಕೋಣೆಯಲ್ಲಿ ಒಮ್ಮೆ ವೇಗ ಅಳೆಯಿರಿ. ಪಕ್ಕದಲ್ಲಿಯೂ ವೇಗ ಕಡಿಮೆಯಿದ್ದರೆ ದೋಷ ರೂಟರಿನದ್ದೋ ಸಂಪರ್ಕದ್ದೋ ಎಂದು ತಿಳಿಯಲು ಲ್ಯಾಪ್‌ಟಾಪನ್ನು ಇಂಟರ್ನೆಟ್ ಕಂಪನಿಯವರು ಕೊಟ್ಟ ಮೋಡೆಮಿಗೆ ನೇರವಾಗಿ ಕೇಬಲ್ಲಿನಿಂದ ಜೋಡಿಸಿ ನೋಡಬೇಕು. ಕೇಬಲ್ಲಿನಲ್ಲಿಯೂ ವೇಗ ಬರದಿದ್ದರೆ ಹೊಸ ರೂಟರಿಗೆ ಹಣ ಹಾಕುವುದು ವ್ಯರ್ಥ. ಪಕ್ಕದಲ್ಲಿ ಚೆನ್ನಾಗಿದ್ದು ದೂರದಲ್ಲಿ ಮಾತ್ರ ಕುಸಿದರೆ ಅದು ಜಾಗದ ಸಮಸ್ಯೆ. ಆಗ ಒಂದು ಮೊಬೈಲಿನ ಹಾಟ್‌ಸ್ಪಾಟ್ ಆನ್ ಮಾಡಿ ಮನೆಯ ನಡುವಿನ ಗೂಡಿನಲ್ಲಿಟ್ಟು, ಇನ್ನೊಂದು ಮೊಬೈಲನ್ನು ಅದಕ್ಕೆ ಜೋಡಿಸಿಕೊಂಡು ಕೋಣೆಯಿಂದ ಕೋಣೆಗೆ ನಡೆದು ಸಿಗ್ನಲ್ ನೋಡಿರಿ. ರೂಟರನ್ನು ಎಲ್ಲಿ ಇಡಬೇಕೆಂಬ ಅಂದಾಜು ಹಣ ಖರ್ಚಿಲ್ಲದೆ ಸಿಗುತ್ತದೆ.

ಇಂದಿನ ಸಾಮಾನ್ಯ ರೂಟರುಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡುಗಳಲ್ಲಿ, ಅಂದರೆ ರೇಡಿಯೊ ತರಂಗಗಳ ಎರಡು ಪಟ್ಟಿಗಳಲ್ಲಿ, ಕೆಲಸ ಮಾಡುತ್ತವೆ. ಮೊದಲನೆಯದು ನಿಧಾನವಾದರೂ ಗೋಡೆಯನ್ನು ಹೆಚ್ಚು ದಾಟುತ್ತದೆ. ಎರಡನೆಯದು ವೇಗದ್ದು, ಆದರೆ ಗೋಡೆಗೆ ಬೇಗ ಸೋಲುತ್ತದೆ. ಎರಡೂ ಇರುವ ಡ್ಯುಯಲ್ ಬ್ಯಾಂಡ್ ರೂಟರನ್ನೇ ಕೊಳ್ಳಿರಿ. ಆಂಟೆನಾಗಳು ಹೆಚ್ಚಿದ್ದಷ್ಟೂ ಸಿಗ್ನಲ್ ದೂರ ಹೋಗುತ್ತದೆ ಎಂಬ ಮಾತನ್ನು ನಂಬಬೇಡಿರಿ. ಪ್ರಸಾರದ ಶಕ್ತಿಗೆ ಸರ್ಕಾರದ ಮಿತಿ ಇದೆ. ಅಲ್ಲದೆ ರೂಟರಿನ ಸಿಗ್ನಲ್ ಮೊಬೈಲಿಗೆ ತಲುಪಿದರೆ ಸಾಲದು, ಮೊಬೈಲಿನ ದುರ್ಬಲ ಸಿಗ್ನಲ್ಲೂ ಅದೇ ಗೋಡೆ ದಾಟಿ ಹಿಂದಕ್ಕೆ ಬರಬೇಕು. ಆದ್ದರಿಂದ ನಮ್ಮಂಥ ಮನೆಗೆ ಒಂದು ದುಬಾರಿ ರೂಟರಿಗಿಂತ, ಕೇಬಲ್ ಎಳೆದು ಹಿಂದಿನ ಕೋಣೆಯಲ್ಲಿ ಕೂರಿಸಿದ ಎರಡನೆಯ ಸಾಧಾರಣ ರೂಟರು ಹೆಚ್ಚು ಉಪಯುಕ್ತ. ಅದರ ಸೆಟ್ಟಿಂಗಿನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಆರಿಸಿದರೆ ಸಾಕು, ಮೊದಲ ರೂಟರಿನ ಸಂಪರ್ಕವನ್ನೇ ಅದು ಆ ಕೋಣೆಯಲ್ಲಿ ವೈ-ಫೈ ಆಗಿ ಹಂಚುತ್ತದೆ. ಕೇಬಲ್ ಎಳೆಯಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಮೆಶ್, ಅಂದರೆ ತಂತಿಯಿಲ್ಲದೆ ಒಂದಕ್ಕೊಂದು ಸಿಗ್ನಲ್ ದಾಟಿಸುವ ಹಲವು ಘಟಕಗಳ ವ್ಯವಸ್ಥೆಯ ಕಡೆಗೆ ನೋಡಿರಿ. ಏಕೆಂದರೆ ಅದರ ಘಟಕಗಳ ನಡುವೆಯೂ ಅದೇ ಗೋಡೆ ಇರುತ್ತದೆ.

ಪೆಟ್ಟಿಗೆಯ ಮೇಲೆ ‘ಎಸಿ1200’ ಎಂದಿದ್ದರೆ ಅದು 2.4ರ 300 ಮತ್ತು 5ರ 867 ಎಂಬಿಪಿಎಸ್‌ಗಳನ್ನು ಕೂಡಿಸಿ ದುಂಡಾಗಿಸಿದ ಸಂಖ್ಯೆ, ಅದೂ ಗರಿಷ್ಠ ಲೆಕ್ಕ. ಇದಕ್ಕಿಂತ ಮುಖ್ಯವಾದದ್ದು ಹಿಂಬದಿಯ ಪೋರ್ಟು. ಹಲವು ಅಗ್ಗದ ರೂಟರುಗಳಲ್ಲಿ ಇಂಟರ್ನೆಟ್ ಒಳಬರುವ ಕೇಬಲ್ ಸೇರಿಸುವ ವ್ಯಾನ್ (WAN) ಪೋರ್ಟು 100 ಎಂಬಿಪಿಎಸ್‌ನದ್ದು. ನೀವು 200ರ ಪ್ಲಾನಿಗೆ ಹಣ ಕಟ್ಟಿದರೂ ಅದರ ಮೂಲಕ 95ರ ಆಸುಪಾಸು ಮಾತ್ರ ಬರುತ್ತದೆ. 100ಕ್ಕೆ ಮೇಲಿನ ಪ್ಲಾನ್ ಇದ್ದವರು ‘ಗಿಗಾಬಿಟ್’ (1000 ಎಂಬಿಪಿಎಸ್‌ನ ಪೋರ್ಟು) ಎಂಬ ಪದವನ್ನು ಪೆಟ್ಟಿಗೆಯ ಮೇಲೆ ಕಣ್ಣಾರೆ ಓದಿಯೇ ಕೊಳ್ಳಬೇಕು. ಹಾಗೆಯೇ ಫೈಬರ್ ತಂತಿ ಸಾಮಾನ್ಯ ರೂಟರಿಗೆ ನೇರವಾಗಿ ಸೇರುವುದಿಲ್ಲ, ಕಂಪನಿಯವರು ಕೊಟ್ಟ ಫೈಬರ್ ಮೋಡೆಮ್ ಉಳಿಯಲೇಬೇಕು ಎಂಬುದೂ ನೆನಪಿರಲಿ. ಹೊಸ ಮೊಬೈಲು, ಲ್ಯಾಪ್‌ಟಾಪುಗಳು ಹೆಚ್ಚಿರುವ ಮನೆಗೆ ‘ಎಸಿ’ಯ ನಂತರದ ಪೀಳಿಗೆಯಾದ ವೈ-ಫೈ 6 ಒಳ್ಳೆಯ ಆಯ್ಕೆ. ಭದ್ರತೆಗೆ ಡಬ್ಲ್ಯೂಪಿಎ3 (WPA3) ಎಂಬ ಗೂಢಲಿಪಿ ವ್ಯವಸ್ಥೆ ಇರಲಿ.

ನಮ್ಮ ಕಡೆಯ ಬಿಸಿಲನ್ನು ಮರೆಯುವಂತಿಲ್ಲ. ಮನೆಬಳಕೆಯ ಬಹುತೇಕ ರೂಟರುಗಳ ವಿವರಣೆಯಲ್ಲಿ ಕಾರ್ಯನಿರ್ವಹಣೆಯ ಗರಿಷ್ಠ ತಾಪಮಾನ 40 ಡಿಗ್ರಿ ಎಂದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು ಅದನ್ನು ದಾಟುತ್ತದೆ. ತಗಡಿನ ಕೆಳಗೆ, ಬಿಸಿಲು ಬೀಳುವ ಕಿಟಕಿಯಲ್ಲಿ ಅಥವಾ ಮುಚ್ಚಿದ ಟಿವಿ ಕಪಾಟಿನೊಳಗೆ ರೂಟರ್ ಇಡಬೇಡಿರಿ. ತಳದಲ್ಲಿಯೂ ಬದಿಯಲ್ಲಿಯೂ ಗಾಳಿಕಿಂಡಿಗಳಿರುವ ಮಾದರಿಯನ್ನು ಆರಿಸಿ, ವಾರಕ್ಕೊಮ್ಮೆ ಒಣಬಟ್ಟೆಯಿಂದ ಧೂಳು ಒರೆಸಿರಿ.

ಕರೆಂಟು ಹೋದಾಗಲೂ ಮಕ್ಕಳ ಪಾಠ, ಮನೆಯಿಂದ ಮಾಡುವ ಕೆಲಸ ನಿಲ್ಲಬಾರದೆಂದರೆ ಮಿನಿ ಯುಪಿಎಸ್, ಅಂದರೆ ರೂಟರಿಗೆ ವಿದ್ಯುತ್ ಕೊಡುವ ಚಿಕ್ಕ ಬ್ಯಾಟರಿ ಪೆಟ್ಟಿಗೆ, ಬೇಕು. ರೂಟರಿನ ಅಡಾಪ್ಟರ್ ತಿರುಗಿಸಿ ಅದರ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ಓದಿಕೊಳ್ಳಿರಿ. ವೋಲ್ಟ್ ಒಂದೇ ಇರಬೇಕು; ಯುಪಿಎಸ್‌ನ ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಫೈಬರ್ ಮೋಡೆಮಿಗೂ ಅದರಿಂದಲೇ ವಿದ್ಯುತ್ ಸಿಗದಿದ್ದರೆ ರೂಟರಿನ ದೀಪ ಉರಿದರೂ ಇಂಟರ್ನೆಟ್ ಬರುವುದಿಲ್ಲ. ಎರಡಕ್ಕೂ ಸೇರಿ ಎಷ್ಟು ಆಂಪಿಯರ್ ಬೇಕೆಂದು ಕೂಡಿಸಿಯೇ ಯುಪಿಎಸ್ ಕೊಳ್ಳಿರಿ.