ನಾನು ಕಟ್ಟಿದ ಧಾಟಿಗಳ ಶ್ರುತಿಯನ್ನು ಗುರುತಿಸುವ ಬಗೆ

ಭಾವಗೀತೆಗಳಿಗೆ ರಾಗ ಸಂಯೋಜನೆ ಮಾಡುವ ನನಗೆ ಧಾಟಿ ಹೊಳೆಯುವುದು ಬಹುಮಟ್ಟಿಗೆ ವಾದ್ಯದ ನೆರವಿಲ್ಲದೆಯೇ. ಕವಿತೆಯ ಸಾಲನ್ನು ಮತ್ತೆ ಮತ್ತೆ ಗುನುಗುತ್ತಾ, ಒಂದು ರೂಪ ನಿಂತಿತು ಎನಿಸಿದಾಗ ಮೊಬೈಲಿನಲ್ಲಿ ಹಾಡಿ ಇಟ್ಟುಕೊಳ್ಳುತ್ತೇನೆ. ಅದನ್ನು ಕೇಳಿಸಿದಾಗ ಕೀಬೋರ್ಡ್ ನುಡಿಸುವವರು ಮೊದಲು ಕೇಳುವುದು ‘ಸ್ಕೇಲ್ ಯಾವುದು?’ ಎಂದು. ಆ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಹಾಡಿನ ಷಡ್ಜ, ಅಂದರೆ ಆಧಾರಸ್ವರವಾದ ‘ಸ’, ಕೀಬೋರ್ಡಿನ ಯಾವ ಮನೆಯಲ್ಲಿದೆ (ಯಾವ ಕೀಲಿಯ ಮೇಲಿದೆ) ಎಂಬುದು ಒಂದು. ಆ ಷಡ್ಜದಿಂದ ಉಳಿದ ಸ್ವರಗಳು ಎಷ್ಟೆಷ್ಟು ದೂರದಲ್ಲಿವೆ ಎಂಬುದು ಇನ್ನೊಂದು. ಮೊದಲನೆಯದು ತಿಳಿಯದೆ ಎರಡನೆಯದಕ್ಕೆ ಅರ್ಥವಿಲ್ಲ. ತಾನೇ ಕಟ್ಟಿದ ಹಾಡಿನಲ್ಲಿ ಷಡ್ಜವನ್ನು ಹುಡುಕುವುದು ಇನ್ನೂ ಕಷ್ಟ, ಏಕೆಂದರೆ ಧಾಟಿ ಕಟ್ಟುವಾಗ ಮನಸ್ಸು ಮಾತಿನ ಏರಿಳಿತದ ಹಿಂದೆ ಹೋಗುತ್ತದೆಯೇ ಹೊರತು ಆಧಾರಸ್ವರದ ಕಡೆಗೆ ಅಲ್ಲ.

ಹಾರ್ಮೋನಿಯಂ ಮುಂದೆ ಕುಳಿತು ಹಾಡಿನಲ್ಲಿ ಬರುವ ಸ್ವರಗಳನ್ನೆಲ್ಲ ಗುರುತು ಹಾಕಿಕೊಳ್ಳುವುದು ನನ್ನ ಮೊದಲ ಕೆಲಸ. ಆದರೆ ಸ್ವರಗಳ ಪಟ್ಟಿಯಷ್ಟೇ ಶ್ರುತಿಯನ್ನು ಹೇಳುವುದಿಲ್ಲ. ಒಂದು ಹಾಡಿನಲ್ಲಿ ಸಿ, ಡಿ, ಇ, ಜಿ, ಎ ಎಂಬ ಐದು ಬಿಳಿ ಮನೆಗಳು ಮಾತ್ರ ಸಿಕ್ಕವು ಎಂದುಕೊಳ್ಳೋಣ. ಸಿ ಷಡ್ಜವಾದರೆ ಅದು ಮೋಹನ ರಾಗ. ಡಿ ಷಡ್ಜವಾದರೆ ಅದೇ ಐದು ಮನೆಗಳು ಮಧ್ಯಮಾವತಿಯಾಗುತ್ತವೆ. ಇ ಷಡ್ಜವಾದರೆ ಹಿಂದೋಳ, ಜಿ ಆದರೆ ಶುದ್ಧ ಸಾವೇರಿ, ಎ ಆದರೆ ಶುದ್ಧ ಧನ್ಯಾಸಿ. ಶಾಸ್ತ್ರೀಯ ಸಂಗೀತಗಾರರು ಗ್ರಹಭೇದವೆಂದು ಕಲಿಯುವ ಈ ವಿಷಯವೇ ಸುಗಮ ಸಂಗೀತದ ಸಂಯೋಜಕನಿಗೆ ಪ್ರತಿ ಹಾಡಿನಲ್ಲಿಯೂ ಎದುರಾಗುವ ಪ್ರಶ್ನೆ ಎಂಬುದು ನನಗೆ ಕೆಲಸ ಮಾಡುತ್ತಾ ಮಾಡುತ್ತಾ ತಿಳಿಯಿತು.

ಇದನ್ನು ಬಿಡಿಸುವುದು ತಂಬೂರಿ. ಮೊಬೈಲಿನ ತಂಬೂರಿ ಆ್ಯಪ್ ಆದರೂ ಸಾಕು. ಸಂಶಯವಿರುವ ಮನೆಗಳಿಗೆ ಒಂದೊಂದಾಗಿ ಶ್ರುತಿ ಇಟ್ಟು, ಸ್ವರಗಳ ಹೆಸರನ್ನು ಮನಸ್ಸಿಗೆ ತಂದುಕೊಳ್ಳದೆ, ಸಾಹಿತ್ಯವನ್ನೇ ಪಲ್ಲವಿಯಿಂದ ಚರಣದವರೆಗೆ ಹಾಡುತ್ತೇನೆ. ತಪ್ಪು ಆಧಾರದ ಮೇಲೂ ಹಾಡು ಅಪಸ್ವರವಾಗುವುದಿಲ್ಲ, ಆದರೆ ಅದರ ಭಾವ ಬದಲಾಗುತ್ತದೆ. ನಾನು ವಿಶ್ರಾಂತಿಯೆಂದು ಭಾವಿಸಿ ಕಟ್ಟಿದ ಜಾಗದಲ್ಲಿ ಇನ್ನೂ ಏನೋ ಬಾಕಿಯಿದೆ ಎನಿಸಿದರೆ ಆ ಷಡ್ಜ ಈ ಹಾಡಿನದಲ್ಲ. ಸರಿಯಾದ ಷಡ್ಜದ ಮೇಲೆ ಹಾಡಿದಾಗ ನೀಳವಾಗಿ ಹಿಡಿದ ಸ್ವರಗಳು ತಂಬೂರಿಯಲ್ಲಿ ಕರಗಿ, ಸಾಲು ತಾನಾಗಿ ಕೂರುತ್ತದೆ. ಹಿಂದೋಳದ ಸಂಶಯವಿದ್ದರೆ ತಂಬೂರಿಯ ಪಂಚಮವನ್ನು ಮಧ್ಯಮಕ್ಕೆ ಇಳಿಸಿಕೊಳ್ಳಬೇಕು. ಆ ರಾಗಕ್ಕೆ ಪಂಚಮವೇ ಇಲ್ಲವಾದ್ದರಿಂದ ಪಂಚಮದ ನಾದ ಕಿವಿಯನ್ನು ದಾರಿ ತಪ್ಪಿಸುತ್ತದೆ.

ಹಾಡಿನ ಕೊನೆಯ ಸ್ವರವೇ ಷಡ್ಜ ಎಂಬ ಸುಲಭದ ಸೂತ್ರವನ್ನು ಹಲವರು ಹೇಳುತ್ತಾರೆ. ಭಾವಗೀತೆಯಲ್ಲಿ ಅದನ್ನು ನೆಚ್ಚಿಕೊಳ್ಳಲಾಗದು, ಏಕೆಂದರೆ ಪಲ್ಲವಿಯನ್ನು ಮರಳಿ ಎತ್ತಿಕೊಳ್ಳುವ ಅನುಕೂಲಕ್ಕಾಗಿ ನಾವು ಸಾಲನ್ನು ರಿಷಭದಲ್ಲಿಯೋ ಪಂಚಮದಲ್ಲಿಯೋ ತೆರೆದೇ ಬಿಟ್ಟಿರುತ್ತೇವೆ. ತಾಳದ ಮೊದಲ ಪೆಟ್ಟಿಗೆ ಬಂದು ದೀರ್ಘವಾಗಿ ನಿಲ್ಲುವ ಸ್ವರ ಯಾವುದು ಎಂದು ನೋಡುವುದು ಅದಕ್ಕಿಂತ ಒಳ್ಳೆಯ ಸುಳಿವು.

ಏಳೂ ಬಿಳಿ ಮನೆಗಳು ಬರುವ ಹಾಡಿನಲ್ಲಿ ಹೆಚ್ಚಾಗಿ ಜಗ್ಗಾಟ ನಡೆಯುವುದು ಸಿ ಮೇಜರ್ ಮತ್ತು ಎ ಮೈನರ್ ನಡುವೆ, ಅಂದರೆ ನಮ್ಮ ಲೆಕ್ಕದಲ್ಲಿ ಶಂಕರಾಭರಣ ಮತ್ತು ನಟಭೈರವಿಯ ನಡುವೆ. ಈ ಎರಡರ ಮೂಲ ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಸುವ ಮೂರು ಸ್ವರಗಳ ಗುಂಪುಗಳಲ್ಲಿ) ಸಿ ಮತ್ತು ಇ ಸಮಾನ. ಒಂದರಲ್ಲಿ ಜಿ, ಇನ್ನೊಂದರಲ್ಲಿ ಎ ಇರುವುದಷ್ಟೇ ವ್ಯತ್ಯಾಸ. ಆದ್ದರಿಂದ ಸಾಲು ನಿಲ್ಲುವ ಕಡೆ ಎರಡನ್ನೂ ನುಡಿಸಿಸಿ ಕೇಳುತ್ತೇನೆ. ಎ ತಲುಪುವ ಮುನ್ನ ಕಂಠ ತಾನಾಗಿ ಜಿ ಶಾರ್ಪ್ ಅನ್ನು ಮುಟ್ಟುತ್ತಿದ್ದರೆ ಬಹುಪಾಲು ಪ್ರಶ್ನೆ ಮುಗಿದಂತೆಯೇ, ಏಕೆಂದರೆ ಅದು ಎ ಎಂಬ ಷಡ್ಜಕ್ಕೆ ಒಂದೇ ಮನೆ ಕೆಳಗಿನ ಕಾಕಲಿ ನಿಷಾದ, ಮತ್ತು ಧಾಟಿ ಕೀರವಾಣಿಯ ಕಡೆಗೆ ವಾಲಿದೆ.

ಷಡ್ಜ ತಿಳಿದ ಮೇಲೆ ಅದು ಯಾವ ಮನೆ ಎಂದು ಅಳೆಯುವುದು ಸಣ್ಣ ಕೆಲಸ, ಆದರೆ ಜಾಗರೂಕತೆ ಬೇಕು. ಆಧಾರವಿಲ್ಲದೆ ಹಾಡಿದ ಧ್ವನಿ ಕೆಲವೇ ನಿಮಿಷಗಳಲ್ಲಿ ಮೇಲಕ್ಕೋ ಕೆಳಕ್ಕೋ ಸರಿದಿರುತ್ತದೆ. ಹಾಗಾಗಿ ಮೊದಲ ಪಲ್ಲವಿಯನ್ನೂ ಕೊನೆಯದನ್ನೂ ಹೋಲಿಸಿ, ಹತ್ತಿರದ ಮನೆಯನ್ನು ಆರಿಸುತ್ತೇನೆ. ಶ್ರುತಿ ಅಳೆಯುವ ಟ್ಯೂನರ್ ಬಳಸುವಾಗ ಗಾಂಧಾರವನ್ನು ನಂಬುವುದಿಲ್ಲ. ತಂಬೂರಿಗೆ ಸೇರುವ ಅಂತರ ಗಾಂಧಾರ ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಸೆಂಟ್ ಎಂದರೆ ಸ್ವರಗಳ ನಡುವಿನ ದೂರವನ್ನು ಅಳೆಯುವ ಮಾನ) ಕೆಳಗಿರುತ್ತದೆ, ಪಂಚಮದ ವ್ಯತ್ಯಾಸವಾದರೋ 2 ಸೆಂಟ್ ಮಾತ್ರ. ಪಕ್ಕಪಕ್ಕದ ಎರಡು ಮನೆಗಳ ಅಂತರ 100 ಸೆಂಟ್ ಎಂಬುದನ್ನು ನೆನೆದರೆ ಷಡ್ಜ-ಪಂಚಮಗಳನ್ನೇ ಏಕೆ ಅಳೆಯಬೇಕು ಎಂಬುದು ತಿಳಿಯುತ್ತದೆ. ಹೀಗೆ ಸಿಕ್ಕಿದ್ದನ್ನು ವಾದ್ಯದವರಿಗೆ ಅವರವರ ಮಾತಿನಲ್ಲಿ ಹೇಳಬೇಕು: ಸಿ ಶಾರ್ಪ್ ಎಂದರೆ ಕೆಲವರಿಗೆ ಒಂದೂವರೆ ಮನೆ, ಕೆಲವರಿಗೆ ಕಪ್ಪು ಒಂದು.

ಯುಗಳ ಗೀತೆಗಳಲ್ಲಿ ಮಾತ್ರ ಒಂದೇ ಉತ್ತರ ಸಾಲದೆ ಹೋಗಬಹುದು. ಪುರುಷ ಧ್ವನಿಗೆ ಒಂದು ಮನೆ ಹೊಂದಿ, ಸ್ತ್ರೀ ಧ್ವನಿಗೆ ಅದು ತೀರಾ ಕೆಳಗಾದಾಗ, ಅವರ ಚರಣಕ್ಕೆ ಮಧ್ಯಮವನ್ನೇ ಷಡ್ಜ ಮಾಡಿಕೊಂಡು, ಕಪ್ಪು-ಬಿಳಿ ಸೇರಿ ಐದು ಮನೆ ಏರಿಸುತ್ತೇನೆ. ಅಂಥ ಹಾಡಿನ ಸ್ವರಲಿಪಿಯಲ್ಲಿ ಪಲ್ಲವಿಯ ಶ್ರುತಿಯನ್ನೂ ಚರಣದ ಶ್ರುತಿಯನ್ನೂ ಬೇರೆ ಬೇರೆಯಾಗಿ ಬರೆದು, ಯಾವ ಪದದ ಮೇಲೆ ಷಡ್ಜ ಬದಲಾಗುತ್ತದೆಯೋ ಆ ಪದದ ಕೆಳಗೆ ಗೆರೆ ಎಳೆದು ಕೊಡುತ್ತೇನೆ.