ಸಣ್ಣ ಕೋಣೆಯಲ್ಲಿ ಭಾರವಾದ ಬಡಗಿ ಮೇಜು ಕಟ್ಟುವ ಬಗೆ

ಮರವನ್ನು ಹೆರೆದು ನುಣುಪು ಮಾಡುವ ಕೀಸುಳಿಯನ್ನು ಮುಂದಕ್ಕೆ ತಳ್ಳಿದಾಗ ಬೀಳುವ ಒತ್ತಡದ ಬಹುಪಾಲು ಅಡ್ಡಡ್ಡಲಾಗಿ ಹರಿಯುತ್ತದೆ. ಆದ್ದರಿಂದ ಬಡಗಿಯ ಮೇಜು ಭಾರ ಹೊರುವಷ್ಟು ಗಟ್ಟಿಯಾಗಿದ್ದರೆ ಸಾಲದು, ತಳ್ಳಿದಾಗ ಓಲಾಡದೆ, ಜಾರದೆ ನಿಲ್ಲಬೇಕು. ತೂಕವು ಜಾರುವುದನ್ನು ತಡೆಯುತ್ತದೆ. ಓಲಾಟವನ್ನು ತಡೆಯುವುದು ಜೋಡಣೆ ಮಾತ್ರ.

ಸಣ್ಣ ಕೋಣೆಗೆ 150 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 7.5 ಸೆಂ.ಮೀ. ದಪ್ಪದ ಹಲಗೆ ಧಾರಾಳವಾಗಿ ಸಾಕು. ಸಾಮಾನ್ಯ ಗಟ್ಟಿಮರದಲ್ಲಿ ಈ ಹಲಗೆಯೊಂದೇ ಸುಮಾರು 40 ಕಿಲೋ ತೂಗುತ್ತದೆ. ನೇರವಾಗಿ ನಿಂತು ಕೈಗಳನ್ನು ಇಳಿಬಿಟ್ಟಾಗ ಮಣಿಕಟ್ಟಿನ ಮಡಿಕೆ ಎಲ್ಲಿಗೆ ಬರುತ್ತದೆಯೋ ಅದು ಕೀಸುವ ಕೆಲಸಕ್ಕೆ ಒಪ್ಪುವ ಎತ್ತರ. ಆದರೂ ಕಾಲುಗಳನ್ನು 2 ಸೆಂ.ಮೀ. ಹೆಚ್ಚೇ ಇರಿಸಿಕೊಳ್ಳಿ, ಏಕೆಂದರೆ ಕತ್ತರಿಸಿ ಕಡಿಮೆ ಮಾಡಬಹುದೇ ಹೊರತು ಬೆಳೆಸಲಾಗದು.

ಮರವನ್ನು ಕೆಲವು ವಾರ ಅದೇ ಕೋಣೆಯಲ್ಲಿ ಗಾಳಿಯಾಡುವಂತೆ ಜೋಡಿಸಿಟ್ಟು ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳಿ. 4 ಸೆಂ.ಮೀ. ದಪ್ಪದ 13 ಪಟ್ಟಿಗಳನ್ನು ಮಗ್ಗುಲಾಗಿ ನಿಲ್ಲಿಸಿ ಒಂದಕ್ಕೊಂದು ಅಂಟಿಸಿದರೆ, ಕೀಸಿದ ಮೇಲೆ ಬೇಕಾದ ಅಗಲ ಉಳಿಯುತ್ತದೆ. ಅಂಟಿಸುವ ಮುನ್ನ ಪ್ರತಿ ಪಟ್ಟಿಯ ಎಳೆ, ಅಂದರೆ ಮರದ ನಾರಿನ ಸಾಲು, ಯಾವ ಕಡೆಗೆ ಏರುತ್ತದೆ ಎಂದು ನೋಡಿ ಬಾಣದ ಗುರುತು ಹಾಕಿ, ಎಲ್ಲ ಬಾಣಗಳೂ ಒಂದೇ ದಿಕ್ಕಿಗಿರುವಂತೆ ಜೋಡಿಸಿ; ಇಲ್ಲವಾದರೆ ಮೇಲ್ಮೈಯನ್ನು ಕೀಸುವಾಗ ಒಂದು ಪಟ್ಟಿ ನುಣುಪಾಗುವಾಗಲೇ ಪಕ್ಕದ್ದು ಚಕ್ಕೆಯೇಳುತ್ತದೆ. ನನ್ನ ಮೊದಲ ಮೇಜಿಗೆ ನಾನು ಎಲ್ಲ ಪಟ್ಟಿಗಳನ್ನೂ ಒಮ್ಮೆಲೇ ಅಂಟಿಸಹೋಗಿ, ಪಟ್ಟಿಗಳನ್ನು ಒತ್ತಿ ಹಿಡಿಯುವ ಕ್ಲ್ಯಾಂಪ್‌ಗಳಲ್ಲಿ ಕೊನೆಯದನ್ನು ಬಿಗಿಯುವಷ್ಟರಲ್ಲಿ ಮೊದಲಿನ ಅಂಟು ಹಿಡಿದುಬಿಟ್ಟಿತ್ತು. ನಡುವಿನ ಎರಡು ಪಟ್ಟಿಗಳು 3 ಮಿ.ಮೀ. ಮೇಲೇರಿ ನಿಂತದ್ದನ್ನು ಕೀಸಿ ಇಳಿಸಲು ಎರಡು ದಿನ ಬೇಕಾದವು. ಮೂರು ನಾಲ್ಕು ಪಟ್ಟಿಗಳ ಕಟ್ಟುಗಳನ್ನು ಬೇರೆಬೇರೆಯಾಗಿ ಅಂಟಿಸಿ, ಒಣಗಿದ ನಂತರ ಕಟ್ಟುಗಳನ್ನು ಕೂಡಿಸುವುದೇ ಸರಿಯಾದ ಕ್ರಮ.

ಕಾಲುಗಳು 9 ಸೆಂ.ಮೀ. ಚೌಕವಿರಲಿ. ಎಡಗಡೆಯ ಎರಡು ಕಾಲು, ಬಲಗಡೆಯ ಎರಡು ಕಾಲುಗಳನ್ನು ಮೇಲೊಂದು, ಕೆಳಗೊಂದು ಅಡ್ಡಪಟ್ಟಿಯಿಂದ ಸೇರಿಸಿ ಎರಡು ಚೌಕಟ್ಟು ಮಾಡಿಕೊಳ್ಳಬೇಕು. ಕಾಲಿನಲ್ಲಿ ಉಳಿಯಿಂದ ಗೂಡು ಕೊರೆದು, ಅಡ್ಡಪಟ್ಟಿಯ ತುದಿಯನ್ನು ಅದರೊಳಗೆ ಬಿಗಿಯಾಗಿ ಕೂರುವ ನಾಲಗೆಯಾಗಿ ಕತ್ತರಿಸಿ. ಈ ಜೋಡಣೆಯನ್ನು ಬಿಗಿಯಲು ಅಡ್ಡಲಾಗಿ ಹೊಡೆಯುವ ಗೂಟದ ತೂತನ್ನು ಮೊದಲು ಕಾಲಿಗೆ ಕೊರೆದು, ನಾಲಗೆಯನ್ನು ಒಳಗೆ ಕೂರಿಸಿ ತೂತಿನ ಗುರುತು ಮಾಡಿಕೊಂಡು ಹೊರತೆಗೆಯಿರಿ. ನಾಲಗೆಯ ತೂತನ್ನು ಆ ಗುರುತಿಗಿಂತ 1.5 ಮಿ.ಮೀ.ನಷ್ಟು ನಾಲಗೆಯ ಬುಡದ ಕಡೆಗೆ ಸರಿಸಿ ಕೊರೆಯಿರಿ. ತುದಿ ಚೂಪು ಮಾಡಿದ ಮರದ ಗೂಟವನ್ನು ಕೊಡತಿಯಿಂದ ಹೊಡೆದಂತೆಲ್ಲ ಅದು ಈ ಎರಡು ತೂತುಗಳ ನಡುವೆ ಬಾಗಿ, ಅಡ್ಡಪಟ್ಟಿಯನ್ನು ಕಾಲಿನತ್ತ ಎಳೆದುಕೊಳ್ಳುತ್ತದೆ. ಸಂದು ಮುಚ್ಚಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಹೊಡೆತದ ಸದ್ದೂ ಮಂದದಿಂದ ಗಡಸಿಗೆ ತಿರುಗುತ್ತದೆ.

ಎರಡು ಚೌಕಟ್ಟುಗಳನ್ನು ಕೂಡಿಸುವ ಉದ್ದದ ಪಟ್ಟಿಗಳಿಗೆ ಮಾತ್ರ ಅಂಟು ಬೇಡ, ಬೋಲ್ಟ್ ಹಾಕಿ. ಮೇಜು ಬಾಗಿಲಿನಿಂದ ಹೊರಗೆ ಹೋಗಬೇಕಾದ ದಿನ ಬಿಚ್ಚಬಹುದು, ಕಾಲಕ್ರಮದಲ್ಲಿ ಸಡಿಲವಾದರೆ ಬಿಗಿಯಲೂಬಹುದು.

ಹಲಗೆಯನ್ನು ಚೌಕಟ್ಟಿಗೆ ಅಂಟಿಸಲೇಬಾರದು. ಮರವು ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವುದರಿಂದ, ಮುಂಬದಿಯ ಬೋಲ್ಟ್‌ಗಳನ್ನು ಬಿಗಿಯಾದ ತೂತಿನಲ್ಲೂ, ಹಿಂಬದಿಯವನ್ನು ಅಗಲದ ದಿಕ್ಕಿಗೆ ಉದ್ದವಾಗಿ ಕೊರೆದ ತೂತಿನಲ್ಲೂ ವಾಷರ್ ಸಮೇತ ಹಾಕಬೇಕು. ಆಗ ಮೇಜಿನ ಮುಂದಿನ ಅಂಚು, ಅಂದರೆ ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ವೈಸ್ ಕೂರುವ ಜಾಗ, ಕದಲುವುದಿಲ್ಲ.

ಮೇಲ್ಮೈ ಮಟ್ಟ ಮಾಡುವುದನ್ನು ಮೇಜು ತನ್ನ ಜಾಗದಲ್ಲಿ ನಿಂತ ಮೇಲೆಯೇ ಕೈಗೊಳ್ಳಿ. ಎರಡು ನೇರ ಪಟ್ಟಿಗಳನ್ನು ಹಲಗೆಯ ಎರಡು ತುದಿಗಳಲ್ಲಿ ಅಡ್ಡಲಾಗಿ ಇಟ್ಟು, ಬಗ್ಗಿ ಒಂದರ ಮೇಲಂಚಿನಿಂದ ಇನ್ನೊಂದನ್ನು ನೋಡಿದರೆ ತಿರುಚು ಎಲ್ಲಿದೆಯೆಂದು ತಿಳಿಯುತ್ತದೆ. ಎತ್ತರದ ಮೂಲೆಗಳನ್ನು ಮೊದಲು ಓರೆಯಾಗಿ, ಆಮೇಲೆ ಎಳೆಯ ಉದ್ದಕ್ಕೆ ಕೀಸಿ. ಕೊನೆಗೆ ತೆಳುವಾಗಿ ಒಂದು ಕೈ ಎಣ್ಣೆ ಸಾಕು. ಹೊಳೆಯುವ ವಾರ್ನಿಷ್ ಬಳಿದರೆ ಕೆಲಸದ ತುಂಡು ಅದರ ಮೇಲೆ ಜಾರುತ್ತದೆ.